ಹಿತಾಸಕ್ತಿ ಮೊದಲೋ, ‘ನಾವು ಯಾರು’ ಅನ್ನೋದು ಮೊದಲೋ? ವಿದೇಶಾಂಗ ನೀತಿಯ ಬಗ್ಗೆ ಕೊಡಗಿನವರ ಚರ್ಚೆ

ಸೋಮವಾರಪೇಟೆ ಮೇಷ್ಟ್ರು

ದ್ವಿತೀಯ ಪಿಯುಸಿ ಮಕ್ಕಳಿಗೆ ವಿದೇಶಾಂಗ ನೀತಿಯ ಪಾಠ ಮಾಡುವಾಗ ಪ್ರತಿ ವರ್ಷ ಒಂದು ಮಾತು ಬಂದೇ ಬರುತ್ತದೆ: ದೇಶಗಳಿಗೆ ಶಾಶ್ವತ ಮಿತ್ರರಿಲ್ಲ, ಶಾಶ್ವತ ಶತ್ರುಗಳಿಲ್ಲ, ಹಿತಾಸಕ್ತಿ ಒಂದೇ ಶಾಶ್ವತ. ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ, ಅಂಕವೂ ಸಿಗುತ್ತದೆ. ನನಗೆ ಇದರಲ್ಲಿ ತಕರಾರಿದೆ. ನಾವು ಎಂಥ ದೇಶ ಅನ್ನೋದು ಇತ್ಯರ್ಥವಾಗದೆ ನಮ್ಮ ಹಿತ ಯಾವುದು ಅಂತ ಹೇಳುವುದಾದರೂ ಹೇಗೆ?

ಒಂದು ಉದಾಹರಣೆ ಕೊಡುತ್ತೇನೆ. ದಕ್ಷಿಣ ಆಫ್ರಿಕಾದ ಜನಾಂಗಭೇದ ನೀತಿಯನ್ನು ವಿರೋಧಿಸಿ ಭಾರತ ಅದರೊಂದಿಗೆ ವ್ಯಾಪಾರ ನಿಲ್ಲಿಸಿದ್ದು 1946ರಲ್ಲಿ. ನಮಗಿನ್ನೂ ಸ್ವಾತಂತ್ರ್ಯವೇ ಬಂದಿರಲಿಲ್ಲ. ಅದೇ ವರ್ಷ ವಿಷಯ ವಿಶ್ವಸಂಸ್ಥೆಗೂ ಹೋಯಿತು. ಮುಂದೆ 1974ರಲ್ಲಿ ನಮ್ಮ ಟೆನಿಸ್ ತಂಡ ಡೇವಿಸ್ ಕಪ್ ಫೈನಲ್ ತಲುಪಿತ್ತು, ಎದುರಾಳಿ ದಕ್ಷಿಣ ಆಫ್ರಿಕಾ. ನಾವು ಆಡಲೇ ಇಲ್ಲ, ಕಪ್ ಅವರಿಗೆ ಹೋಯಿತು. ವ್ಯಾಪಾರ, ಕ್ರೀಡೆ ಎರಡರಲ್ಲೂ ಕಳೆದುಕೊಂಡದ್ದು ನಾವೇ. ವರ್ಣಭೇದದ ಅವಮಾನ ಉಂಡು ಎದ್ದ ದೇಶ ಅನ್ನುವ ಭಾವನೆ ಆ ನಿರ್ಧಾರದ ಹಿಂದೆ ಇರದಿದ್ದರೆ ಇದು ಅರ್ಥವೇ ಆಗುವುದಿಲ್ಲ.

ನನ್ನ ವಾದ ಇಷ್ಟು: ರಾಷ್ಟ್ರದ ಗುರುತು ಪ್ರತಿ ದಿನದ ನಿರ್ಧಾರ ಮಾಡುವುದಿಲ್ಲ. ಆದರೆ ಒಂದು ಸರ್ಕಾರ ತನ್ನ ಜನರ ಮುಂದೆ ಏನನ್ನು ಮಾಡಲು *ಆಗುವುದಿಲ್ಲ* ಅನ್ನೋದನ್ನು ಅದು ತೀರ್ಮಾನಿಸುತ್ತದೆ. ನಮ್ಮ ಜಿಲ್ಲೆಯವರು ಇದನ್ನು ಚರ್ಚಿಸಲಿ ಅನ್ನುವುದಕ್ಕೆ ಕಾರಣ ಇದೆ. ಈ ನೀತಿಯನ್ನು ಕೈಯಾರೆ ಜಾರಿ ಮಾಡಿದವರು ನಮ್ಮಲ್ಲಿಂದ ಹೋಗಿದ್ದಾರೆ, ಅದರ ಬಿಸಿ ತಟ್ಟುವುದೂ ನಮ್ಮ ತೋಟಗಳಿಗೇ.

ಗೋಣಿಕೊಪ್ಪದ ಬೆಳೆಗಾರ

ಮೇಷ್ಟ್ರೇ, ಡೇವಿಸ್ ಕಪ್ ಬಿಟ್ಟುಕೊಡೋದು ಸುಲಭ. ಹೊಟ್ಟೆಪಾಡಿನ ವಿಷಯ ಬಂದಾಗ ಯಾವ ದೇಶವೂ ಆದರ್ಶ ನೋಡಲ್ಲ. ಗಾಳಿ ಬಂದಾಗ ತೂರಿಕೊಳ್ಳೋದೇ ವಿದೇಶಾಂಗ ನೀತಿ.

ಕರಿಮೆಣಸಿನ ಕಥೆ ಕೇಳಿ. ಶ್ರೀಲಂಕಾ ಜೊತೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರಲ್ಲಿ ಸಹಿ ಹಾಕಿದ್ರು, 2000ದಲ್ಲಿ ಜಾರಿಗೆ ಬಂತು. ನೆರೆಯ ದೇಶ, ಸಹೋದರ ಸಂಬಂಧ, ಎಲ್ಲಾ ಸರಿ. ಆಮೇಲೆ ವಿಯೆಟ್ನಾಂ ಮೆಣಸು ಲಂಕಾ ಹೆಸರಲ್ಲಿ ಒಳಗೆ ಬರ್ತಿದೆ ಅಂತ ನಮ್ಮವರು ಬೊಬ್ಬೆ ಹಾಕಿ ಹಾಕಿ, ಕೊನೆಗೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡ್ತು. ಕಣದಲ್ಲಿ ಒಣಗಿಸಿ, ಗೆರಸೆಯಲ್ಲಿ ಕೇರಿ, ಜೊಳ್ಳು ತೆಗೆದು ಮೂಟೆ ಕಟ್ಟಿಟ್ಟವನಿಗೆ ವ್ಯಾಪಾರಿ ಲೀಟರ್ ತೂಕ, ಅಂದ್ರೆ ಒಂದು ಲೀಟರ್ ಅಳತೆಯ ಮೆಣಸು ಎಷ್ಟು ತೂಗುತ್ತೆ ಅಂತ ನೋಡಿ ರೇಟು ಹೇಳ್ತಾನೆ. ಆ ರೇಟು ಎಷ್ಟು ಅನ್ನೋದು ‘ಇದು ಲಂಕಾದಲ್ಲೇ ಬೆಳೆದದ್ದು’ ಅಂತ ಕೊಲಂಬೋದಲ್ಲಿ ಯಾರೋ ಕೊಡೋ ಮೂಲ ದೃಢೀಕರಣ ಪತ್ರದ ಮೇಲೆ ನಿಂತಿರುತ್ತೆ. ಇದರಲ್ಲಿ ‘ನಾವು ಯಾರು’ ಅನ್ನೋ ಪ್ರಶ್ನೆ ಎಲ್ಲಿ ಬಂತು?

ವಿರಾಜಪೇಟೆ, ಯುಪಿಎಸ್‌ಸಿ ಓದುತ್ತಿರುವವಳು

ಅಣ್ಣ, ನಿಮ್ಮ ಮೆಣಸಿನ ಕಥೆಯ ಮುಂದಿನ ಭಾಗ ನಾನು ಹೇಳ್ತೀನಿ. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಆರ್‌ಸಿಇಪಿ ಅನ್ನೋ ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದದಿಂದ ಹೊರಗೆ ಬಂತು. ಸೇರಿದ್ದರೆ ವಿಯೆಟ್ನಾಂ, ಚೀನಾ ಸರಕಿಗೆಲ್ಲ ಬಾಗಿಲು ಇನ್ನಷ್ಟು ತೆರೀತಿತ್ತು. ಲೆಕ್ಕಾಚಾರ ನೂರು ಇತ್ತು: ಹೈನುಗಾರರ ಭಯ, ಚೀನಾ ಜೊತೆಗಿನ ವ್ಯಾಪಾರ ಕೊರತೆ. ಆದ್ರೆ ಪ್ರಧಾನಿ ಅಲ್ಲಿ ಕಾರಣ ಹೇಳುವಾಗ ಮೊರೆ ಹೋದದ್ದು ಗಾಂಧೀಜಿಗೆ. ಅತ್ಯಂತ ಬಡವನ ಮುಖ ನೆನಪಿಸಿಕೋ ಅಂದ ಗಾಂಧೀಜಿಯ ಸೂತ್ರವೂ ತನ್ನ ಆತ್ಮಸಾಕ್ಷಿಯೂ ಇದಕ್ಕೆ ಒಪ್ಪುತ್ತಿಲ್ಲ ಅಂದ್ರು.

ಬರೀ ಮಾತು ಅಂತ ನೀವು ಹೇಳಬಹುದು. ಸಣ್ಣ ರೈತನ ದೇಶ ಅನ್ನೋ ಗುರುತು ನಮ್ಮಲ್ಲಿ ಅಷ್ಟು ಗಟ್ಟಿ ಇರೋದರಿಂದಲೇ ಆ ಮಾತು ಕೆಲಸ ಮಾಡ್ತು. ಸಿಂಗಾಪುರದ ಪ್ರಧಾನಿ ಇದೇ ಮಾತಾಡಿದ್ರೆ ಅಲ್ಲಿನ ಜನಕ್ಕೆ ತಲೆಬುಡ ಗೊತ್ತಾಗ್ತಿರಲಿಲ್ಲ.

ಮಡಿಕೇರಿಯ ಹಳೆ ಕಾಗದ

ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರ ಹೆಸರು ಇನ್ನೂ ಬರಲಿಲ್ಲವಲ್ಲ ಅಂತ ಕಾಯುತ್ತಿದ್ದೆ. ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯ. ಹೋದವರು ಹೆಚ್ಚಾಗಿ ಯುದ್ಧದ ಕಥೆ ನೋಡಿಕೊಂಡು ಬರುತ್ತಾರೆ. ನನಗೆ ಅವರ ಬದುಕಿನ ಅತಿ ಕಷ್ಟದ ಕೆಲಸ ಅನ್ನಿಸುವುದು ಗುಂಡು ಹಾರಿಸದೆ ಮಾಡಿದ ಕೆಲಸ.

1953ರಲ್ಲಿ ಕೊರಿಯಾ ಯುದ್ಧ ನಿಂತಿತು, ಆದರೆ ಯುದ್ಧಕೈದಿಗಳ ಪ್ರಶ್ನೆ ಉಳಿಯಿತು. ವಿಶ್ವಸಂಸ್ಥೆಯ ಪಡೆಗಳ ವಶದಲ್ಲಿದ್ದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ತಮ್ಮ ದೇಶಕ್ಕೆ ಮರಳುವುದಿಲ್ಲ ಅಂದರು. ಚೀನಾ-ಉತ್ತರ ಕೊರಿಯಾದ ವಶದಲ್ಲಿದ್ದ ಮುನ್ನೂರಕ್ಕೂ ಮಿಕ್ಕಿ ಕೈದಿಗಳೂ ಹಾಗೇ ಅಂದರು. ಇವರನ್ನು ನೋಡಿಕೊಳ್ಳಲು ಐದು ದೇಶಗಳ ತಟಸ್ಥ ಆಯೋಗ ಆಯಿತು: ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ, ಭಾರತ. ಎರಡು ಒಂದು ಕಡೆ ವಾಲುವವು, ಎರಡು ಇನ್ನೊಂದು ಕಡೆ. ಅಧ್ಯಕ್ಷ ಸ್ಥಾನ ಭಾರತಕ್ಕೆ, ಅಂದರೆ ತಿಮ್ಮಯ್ಯನವರಿಗೆ. ಕೈದಿಗಳನ್ನು ಕಾಯಲು ಸೈನಿಕರನ್ನು ಕಳಿಸಿದ್ದೂ ಭಾರತ ಒಂದೇ.

ಅಲ್ಲಿ ಗುಡಾರ ಹಾಕಿದ್ದರು. ಕೈದಿಯನ್ನು ಒಳಗೆ ಕರೆತಂದು ಅವನ ದೇಶದ ಅಧಿಕಾರಿಗಳು ‘ಬಾ, ಮನೆಗೆ ಹೋಗೋಣ’ ಅಂತ ವಿವರಿಸಬೇಕು. ಹೊರಹೋಗಲು ಎರಡು ಬಾಗಿಲು. ಒಂದರಲ್ಲಿ ಹೋದರೆ ಊರಿಗೆ, ಇನ್ನೊಂದರಲ್ಲಿ ಹೋದರೆ ಮರಳಿ ಶಿಬಿರಕ್ಕೆ. ಕಿರುಚಾಟ, ಹೊಡೆದಾಟ, ಕೈದಿಗಳನ್ನು ಹಿಡಿದು ಎಳೆಯುವುದು ಎಲ್ಲ ನಡೆಯಿತು. ನಡುವೆ ನಿಂತವರು ನಮ್ಮ ಜವಾನರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಭಾರತೀಯರು ತನ್ನ ನೆಲ ಮೆಟ್ಟಕೂಡದು ಅಂದ ಕಾರಣ ಇಂಚೋನ್ ಬಳಿ ಹಡಗಿನಿಂದ ಹೆಲಿಕಾಪ್ಟರ್‌ನಲ್ಲೇ ಅವರನ್ನು ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು.

ಕೊನೆಗೆ ಅವಧಿ ಮುಗಿದಾಗ ಎರಡೂ ಪಾಳೆಯದ ಒತ್ತಡ ತಿಮ್ಮಯ್ಯನವರ ಮೇಲೆ. ಬಲವಂತವಾಗಿ ಊರಿಗೆ ಕಳಿಸಲು ಅವರು ಒಪ್ಪಲಿಲ್ಲ. ತಾವೇ ಬಿಡುಗಡೆ ಮಾಡಿದೆವು ಅನ್ನಲೂ ಒಪ್ಪಲಿಲ್ಲ. 1954ರ ಜನವರಿಯಲ್ಲಿ ಕೈದಿಗಳನ್ನು ಮೊದಲು ಯಾರ ವಶದಲ್ಲಿದ್ದರೋ ಅವರಿಗೇ ಒಪ್ಪಿಸಿದರು. ಇಬ್ಬರಿಗೂ ಪೂರ್ತಿ ಖುಷಿಯಾಗಲಿಲ್ಲ. ಎರಡೂ ಕಡೆ ಬೇಡ ಅಂದ ಎಂಬತ್ತಕ್ಕೂ ಹೆಚ್ಚು ಮಂದಿ ನಮ್ಮ ಸೈನಿಕರ ಜೊತೆ ಹಡಗು ಹತ್ತಿ ಭಾರತಕ್ಕೆ ಬಂದರು.

ಬೆಳೆಗಾರರೇ, ಇದರಲ್ಲಿ ಭಾರತಕ್ಕೆ ಯಾವ ಲಾಭ ಇತ್ತು ಹೇಳಿ. ಎಣ್ಣೆಯೇ, ಜಾಗವೇ, ಮಾರುಕಟ್ಟೆಯೇ? ಯಾವ ಪಾಳೆಯಕ್ಕೂ ಸೇರದೆ ನ್ಯಾಯ ಹೇಳಬಲ್ಲ ದೇಶ ಅಂತ ನಾವು ನಮ್ಮನ್ನು ಕರೆದುಕೊಂಡಿದ್ದೆವು. ಆ ಮಾತನ್ನು ಉಳಿಸಿಕೊಳ್ಳಲು ಐದು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಆ ಚಳಿಗೆ ಕಳಿಸಿದೆವು.

ನಿವೃತ್ತ ಸುಬೇದಾರ್, ಪೊನ್ನಂಪೇಟೆ

ನಾನು ದಕ್ಷಿಣ ಲೆಬನಾನ್‌ನಲ್ಲಿ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿ ಇದ್ದವನು. ಓದಿದ್ದು ಕಡಿಮೆ, ನೋಡಿದ್ದು ಹೇಳ್ತೇನೆ.

ನಮ್ಮ ಬೆಟಾಲಿಯನ್ ಜೊತೆ ಪಶುವೈದ್ಯರು ಇದ್ರು. ಬೆಳಿಗ್ಗೆ ಕ್ಯಾಂಪ್ ಗೇಟ್ ಹತ್ತಿರ ಹಳ್ಳಿಯ ಮುದುಕರು ಆಡು, ದನ ಹಿಡ್ಕೊಂಡು ನಿಲ್ತಿದ್ರು. ಕರು ಅಡ್ಡ ಸಿಕ್ಕಿಹಾಕಿಕೊಂಡಿದೆ ಅಂತ ರಾತ್ರಿ ಬಂದು ಕರೆದದ್ದೂ ಉಂಟು. ಆ ಊರಲ್ಲಿ ಯಾರ ಮನೆಯವರು ಯಾವ ಪಕ್ಷ, ಯಾರ ಹತ್ತಿರ ಏನು ಆಯುಧ ಅಂತ ಎಲ್ಲರಿಗೂ ಗೊತ್ತು, ಆಚೆ ಗಡಿಯಲ್ಲಿ ಇಸ್ರೇಲ್. ನಾವು ಎರಡೂ ಕಡೆಗೆ ಮಾತಾಡ್ಬಹುದಿತ್ತು. ಬೇರೆ ಕೆಲವು ದೇಶದ ಸೈನಿಕರನ್ನು ನೋಡಿದ್ರೆ ಇವರು ನಮ್ಮನ್ನು ಹಿಂದೆ ಆಳಿದವರಲ್ವಾ ಅಂತ ಅಲ್ಲಿಯ ಜನ ಮುಖ ತಿರುಗಿಸ್ತಿದ್ರು. ನಮಗೆ ಆ ಹೊರೆ ಇರಲಿಲ್ಲ.

ಆ ನಂಬಿಕೆಯನ್ನು ನಾನು ಒಂದು ಹಗಲಲ್ಲಿ ಸಂಪಾದಿಸಿದ್ದಲ್ಲ. ನನಗಿಂತ ಐವತ್ತು ವರ್ಷ ಮೊದಲು ಬೇರೆಯವರು ಕೊರಿಯಾ, ಕಾಂಗೋ, ಸೈಪ್ರಸ್ ಅಂತ ನಿಂತು ಸಂಪಾದಿಸಿದ್ದು. ಬೆಳೆಗಾರರು ಲಾಭ ಎಲ್ಲಿ ಅಂತ ಕೇಳಿದ್ರೆ, ಗಡಿಯಲ್ಲಿ ಕಲ್ಲು ಬೀಳದೆ ನನ್ನ ಹುಡುಗರು ಗಸ್ತು ಮುಗಿಸಿ ಬಂದ್ರಲ್ಲ, ಅದೇ ಲಾಭ ಅಂತ ನಾನು ಹೇಳ್ತೇನೆ.

ಗೋಣಿಕೊಪ್ಪದ ಬೆಳೆಗಾರ

ಸುಬೇದಾರ್ ಸಾಹೇಬ್ರೇ, ನಿಮ್ಮ ಸೇವೆಗೆ ಕೈಮುಗೀತೇನೆ. ತಿಮ್ಮಯ್ಯನವರ ಬಗ್ಗೆಯೂ ಎರಡು ಮಾತಿಲ್ಲ. ಆದ್ರೆ ಅದೇ ಭಾರತ 1956ರಲ್ಲಿ ಏನು ಮಾಡ್ತು? ಈಜಿಪ್ಟಿನ ಸೂಯೆಜ್ ಕಾಲುವೆ ಮೇಲೆ ಬ್ರಿಟನ್, ಫ್ರಾನ್ಸ್ ಬಿದ್ದಾಗ ತಕ್ಷಣ ಖಂಡನೆ. ಅದೇ ಹೊತ್ತಿಗೆ ಸೋವಿಯತ್ ಟ್ಯಾಂಕ್‌ಗಳು ಹಂಗೇರಿಗೆ ನುಗ್ಗಿದಾಗ ಮಾತು ತಡವರಿಸ್ತು. 2022ರಲ್ಲಿ ಉಕ್ರೇನ್ ಬಗ್ಗೆ ವಿಶ್ವಸಂಸ್ಥೆಯಲ್ಲಿ ಮತ ಹಾಕದೆ ಉಳಿದ್ರು, ಆಮೇಲೆ ರಷ್ಯಾದ ಎಣ್ಣೆ ಕೊಂಡ್ರು.

ನಾನು ಇದನ್ನು ತಪ್ಪು ಅಂತ ಹೇಳ್ತಿಲ್ಲ. ನಮ್ಮ ಅಪ್ಪನ ಕಾಲದಲ್ಲಿ ಕಾಫಿ ಎಲ್ಲಾ ಕಾಫಿ ಮಂಡಳಿಯ ಪೂಲ್‌ಗೆ, ಅಂದ್ರೆ ಎಲ್ಲರ ಕಾಫಿ ಒಟ್ಟುಗೂಡಿಸಿ ಮಾರೋ ವ್ಯವಸ್ಥೆಗೆ ಹೋಗ್ತಿತ್ತು, ಅಲ್ಲಿಂದ ದೊಡ್ಡ ಪಾಲು ಸೋವಿಯತ್ ಒಕ್ಕೂಟಕ್ಕೆ, ರೂಪಾಯಿ ಲೆಕ್ಕದಲ್ಲಿ. ಆ ಸ್ನೇಹದಿಂದ ಕೊಡಗಿನ ಎಷ್ಟೋ ಮನೆಗಳಿಗೆ ಹಂಚು ಬಂದಿದೆ, ಮಕ್ಕಳ ಓದು ನಡೆದಿದೆ. 1991ರಲ್ಲಿ ಆ ದೇಶವೇ ಚೂರಾದಾಗ ಕೊಳ್ಳುವವರು ಯಾರು ಅಂತ ಅಪ್ಪ ರಾತ್ರಿ ನಿದ್ದೆ ಮಾಡ್ತಿರಲಿಲ್ಲ. ಆದರ್ಶದ ಮಾತು ಆಡುವಾಗ ಇದನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತ ಅಷ್ಟೇ.

ಸೋಮವಾರಪೇಟೆ ಮೇಷ್ಟ್ರು

ಹಂಗೇರಿಯ ಮಾತು ನ್ಯಾಯವಾದದ್ದು, ಅಲ್ಲಗಳೆಯುವುದಿಲ್ಲ. ಆದರೆ ಅಲ್ಲೂ ನನ್ನ ಮಾತಿಗೆ ಪುರಾವೆ ಸಿಗುತ್ತದೆ. ವಸಾಹತುಶಾಹಿ ಅಂದರೆ ಸಮುದ್ರ ದಾಟಿ ಬಂದ ಬಿಳಿಯ ಅನ್ನುವ ಚಿತ್ರವೇ ನಮ್ಮ ನೆನಪಲ್ಲಿ ಗಟ್ಟಿಯಾಗಿದ್ದದ್ದು. ನೆಲದ ಮೇಲೆ ಟ್ಯಾಂಕ್ ಓಡಿಸಿಕೊಂಡು ಪಕ್ಕದ ದೇಶಕ್ಕೆ ನುಗ್ಗುವವನು ಆ ಚಿತ್ರಕ್ಕೆ ಹೊಂದಲಿಲ್ಲ. ಹಾಗಾಗಿ ಸೂಯೆಜ್ ಕಣ್ಣಿಗೆ ಹೊಡೆಯಿತು, ಹಂಗೇರಿಯ ಬುಡಾಪೆಸ್ಟ್ ಮಸುಕಾಯಿತು. ಗುರುತು ನಮ್ಮನ್ನು ಒಳ್ಳೆಯವರನ್ನಾಗಿ ಮಾಡುತ್ತದೆ ಅಂತ ನಾನು ಎಲ್ಲೂ ಹೇಳಿಲ್ಲ. ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲ ಅನ್ನೋದೂ ಅದರಿಂದಲೇ.

ಕುಶಾಲನಗರದ ಓದುಗಿ

ನಮ್ಮ ಮನೆಯಿಂದ ಕಾವೇರಿ ದಾಟಿದರೆ ಬೈಲಕುಪ್ಪೆ. ಜಿಲ್ಲೆ ಮೈಸೂರಾದರೂ ಸಂತೆ, ಆಸ್ಪತ್ರೆ, ಬಸ್ಸು ಅಂತ ಟಿಬೆಟನ್ನರು ನಮ್ಮೂರಲ್ಲೇ ಓಡಾಡುತ್ತಾರೆ. 1960ರ ಸುಮಾರಿಗೆ ಬಂದ ಮೊದಲ ತಲೆಮಾರಿನವರು ಕಾಡು ಕಡಿದು ಜೋಳ ಬೆಳೆದದ್ದನ್ನು ನಮ್ಮ ಅತ್ತೆ ಹೇಳುತ್ತಿದ್ದರು. ಈಗ ಅವರ ಮೊಮ್ಮಕ್ಕಳು ನನ್ನ ಹತ್ತಿರ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ.

ಮೇಷ್ಟ್ರು ಹೇಳಿದ ‘ಮಾಡಲು ಆಗದ್ದು’ ಅನ್ನುವ ಮಾತು ನನಗೆ ಇಲ್ಲಿ ಕಣ್ಣಿಗೆ ಕಾಣುತ್ತದೆ. 1954ರ ಪಂಚಶೀಲ ಒಪ್ಪಂದದಲ್ಲಿ ಭಾರತ ಟಿಬೆಟನ್ನು ಚೀನಾದ ಪ್ರದೇಶ ಅಂತಲೇ ಬರೆದುಕೊಟ್ಟಿತ್ತು. ಬರೀ ಹಿತಾಸಕ್ತಿ ನೋಡಿದ್ದರೆ 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಗಡಿ ದಾಟಿ ಬಂದಾಗ ಬೇಡ ಅನ್ನಬೇಕಿತ್ತು. ಚೀನಾ ಸಿಟ್ಟಾಗುತ್ತದೆ ಅಂತ ಗೊತ್ತಿತ್ತು, ಸಿಟ್ಟಾಯಿತು ಕೂಡ. ಆದರೆ ಬುದ್ಧನ ನಾಡು ಅಂತ ಲೋಕಕ್ಕೆಲ್ಲ ಹೇಳಿಕೊಂಡು, ಅಶೋಕ ಚಕ್ರವನ್ನು ಬಾವುಟದ ನಡುವೆ ಇಟ್ಟುಕೊಂಡು, ಆಶ್ರಯ ಕೇಳಿ ಬಂದ ಬೌದ್ಧ ಗುರುವನ್ನು ಹಿಂದಕ್ಕೆ ಅಟ್ಟಲು ಯಾವ ಪ್ರಧಾನಿಗೆ ಸಾಧ್ಯವಿತ್ತು? ಸಂಸತ್ತು ಸುಮ್ಮನಿರುತ್ತಿತ್ತಾ? ಹಾಗಂತ ಟಿಬೆಟ್‌ಗಾಗಿ ಯುದ್ಧವನ್ನೂ ಮಾಡಲಿಲ್ಲ. 2003ರಲ್ಲಿ ಟಿಬೆಟ್ ಸ್ವಾಯತ್ತ ಪ್ರದೇಶ ಚೀನಾದ ಭಾಗ ಅಂತ ಮತ್ತೊಮ್ಮೆ ಒಪ್ಪಿಕೊಂಡಿತು. ಆಶ್ರಯ ಉಂಟು, ರಾಜ್ಯ ಇಲ್ಲ. ಈ ಇಕ್ಕಟ್ಟಿನಲ್ಲೇ ಆ ಜನ ಅರವತ್ತು ವರ್ಷಕ್ಕೂ ಹೆಚ್ಚು ಬದುಕಿದ್ದಾರೆ. ನಾವು ಅದನ್ನು ನಮ್ಮ ದೊಡ್ಡತನ ಅಂತ ಹೇಳುವಾಗ ಅವರ ಕೈಯಲ್ಲಿರುವ ನೋಂದಣಿ ಪ್ರಮಾಣಪತ್ರವನ್ನೂ ಒಮ್ಮೆ ನೋಡಬೇಕು. ಅದನ್ನು ಕಾಲಕಾಲಕ್ಕೆ ನವೀಕರಿಸುತ್ತಲೇ ಇರಬೇಕು.

ಸುಂಟಿಕೊಪ್ಪ, ಈಗ ಬರ್ಲಿನ್

ಹೊರಗಿನ ಒಂದು ಉದಾಹರಣೆ. ನಾನಿರುವ ಬೀದಿಯ ಫುಟ್‌ಪಾತ್‌ನಲ್ಲಿ ಅಂಗೈಯಗಲದ ಹಿತ್ತಾಳೆ ಕಲ್ಲುಗಳಿವೆ. ಆ ಮನೆಯಿಂದ ನಾಜಿಗಳು ಎಳೆದೊಯ್ದವರ ಹೆಸರು, ಹುಟ್ಟಿದ ವರ್ಷ, ಸತ್ತ ಜಾಗ ಕೆತ್ತಿದ್ದಾರೆ. ಶಾಲೆಗೆ ಹೋಗುವ ಮಕ್ಕಳು ದಿನಾ ಅದರ ಪಕ್ಕದಲ್ಲೇ ನಡೆಯುತ್ತಾರೆ. ತಮ್ಮ ತಪ್ಪನ್ನೇ ಗುರುತಿನ ನಡುಮಧ್ಯೆ ಇಟ್ಟುಕೊಂಡ ದೇಶ ಇದು. 2008ರಲ್ಲಿ ಆಗಿನ ಜರ್ಮನ್ ಚಾನ್ಸಲರ್ ಮರ್ಕೆಲ್ ಇಸ್ರೇಲ್ ಸಂಸತ್ತಿನಲ್ಲಿ ನಿಂತು, ಇಸ್ರೇಲಿನ ಭದ್ರತೆ ಜರ್ಮನಿಗೆ ರಾಜಿ ಇಲ್ಲದ ಹೊಣೆ ಎಂಬರ್ಥದಲ್ಲಿ ಮಾತಾಡಿದರು. ಗಾಜಾದ ವಿಷಯದಲ್ಲಿ ಈ ದೇಶ ಎಷ್ಟು ಬಿಗಿದುಕೊಂಡು ಮಾತಾಡುತ್ತದೆ ಅನ್ನೋದಕ್ಕೆ ಮೂಲ ಇಲ್ಲಿದೆ.

ಅದೇ ನೆನಪು ಸೈನ್ಯದ ವಿಷಯದಲ್ಲಿ ಕೈ ಕಟ್ಟಿತ್ತು. 2022ರ ಜನವರಿಯಲ್ಲಿ ಉಕ್ರೇನ್ ಗಡಿಯಲ್ಲಿ ರಷ್ಯಾ ಸೇನೆ ಜಮಾಯಿಸಿದಾಗ ಜರ್ಮನಿ ಕೊಡುತ್ತೇನೆ ಅಂದದ್ದು 5,000 ಹೆಲ್ಮೆಟ್. ಒಂದು ತಿಂಗಳಲ್ಲಿ, ಯುದ್ಧ ಶುರುವಾಗಿ ಮೂರು ದಿನಕ್ಕೆ, ಆಗಿನ ಚಾನ್ಸಲರ್ ಶೋಲ್ಜ್ ಸೈನ್ಯಕ್ಕೆ ನೂರು ಶತಕೋಟಿ ಯೂರೋ ಘೋಷಿಸಿದರು. ಗಮನಿಸಿ, ಗುರುತನ್ನು ಅವರು ಬಿಸಾಡಲಿಲ್ಲ. ‘ಇನ್ನೆಂದೂ ಯುದ್ಧ ಬೇಡ’ ಅನ್ನುತ್ತಿದ್ದ ಅದೇ ನೆನಪನ್ನು ‘ಆಕ್ರಮಣಕಾರನ ಮುಂದೆ ಇನ್ನೆಂದೂ ಸುಮ್ಮನಿರಬಾರದು’ ಅಂತ ಓದಿದರು.

ವಿರಾಜಪೇಟೆ, ಯುಪಿಎಸ್‌ಸಿ ಓದುತ್ತಿರುವವಳು

ಹಾಗಾದ್ರೆ ನನ್ನ ಪ್ರಶ್ನೆ ಇದು ಸರ್. ಗುರುತೇ ಬದಲಾಗ್ತಿದ್ರೆ? ಇಸ್ರೇಲನ್ನು ನಾವು 1950ರಲ್ಲೇ ಮಾನ್ಯ ಮಾಡಿದ್ವಿ, ಆದ್ರೆ ಪೂರ್ಣ ರಾಜತಾಂತ್ರಿಕ ಸಂಬಂಧ 1992ರಲ್ಲಿ. ಪ್ಯಾಲೆಸ್ತೀನ್ ರಾಷ್ಟ್ರವನ್ನು 1988ರಲ್ಲೇ ಮಾನ್ಯ ಮಾಡಿದವರು ನಾವು. ಮೊದಲ ಬಾರಿಗೆ ಭಾರತದ ಪ್ರಧಾನಿ ಇಸ್ರೇಲಿಗೆ ಹೋದದ್ದು 2017ರಲ್ಲಿ, ಮರುವರ್ಷ ಪ್ಯಾಲೆಸ್ತೀನಿನ ರಮಲ್ಲಾಗೂ ಹೋದ್ರು. ವಸಾಹತುಶಾಹಿ ವಿರೋಧಿ ದೇಶ ಅನ್ನೋ ಗುರುತಿನ ಜಾಗಕ್ಕೆ ನಾಗರಿಕತೆಯ ದೇಶ ಅನ್ನೋ ಗುರುತು ಬರ್ತಿದೆ. 2023ರ ಜಿ-20ರಲ್ಲಿ ‘ವಸುಧೈವ ಕುಟುಂಬಕಂ’ ಅಂತ ಘೋಷವಾಕ್ಯ, ಪ್ರಧಾನಿ ಮುಂದಿನ ಫಲಕದಲ್ಲಿ ‘ಭಾರತ್’. ಒಳಗೆ ‘ನಾವು ಯಾರು’ ಅನ್ನೋದಕ್ಕೆ ಕೊಡೋ ಉತ್ತರ ನೆರೆಯವರಿಗೂ ಕೇಳಿಸುತ್ತೆ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಆದಾಗ ಬಾಂಗ್ಲಾದೇಶದ ಸಚಿವರು ದೆಹಲಿ ಭೇಟಿಯನ್ನೇ ರದ್ದು ಮಾಡಿದ್ರು. ಇಲ್ಲಿ ನಮ್ಮ ಲೈನ್‌ಮನೆಗಳಲ್ಲಿ ಅಸ್ಸಾಮಿನಿಂದ ಬಂದು ಕಾಫಿ ಕೊಯ್ಯೋ ಕುಟುಂಬಗಳು ಗುರುತಿನ ಚೀಟಿ ತೋರಿಸಿ ತೋರಿಸಿ ಸುಸ್ತಾಗಿವೆ. ದೆಹಲಿ, ಢಾಕಾ, ಸಿದ್ದಾಪುರದ ತೋಟ ಮೂರೂ ಒಂದೇ ದಾರದಲ್ಲಿ ಇವೆ ಅನ್ನಿಸುತ್ತೆ.

ಮಡಿಕೇರಿಯ ಹಳೆ ಕಾಗದ

ಸೈಪ್ರಸ್ ಇಲ್ಲಿ ಬರಲೇಬೇಕು. 1964ರಲ್ಲಿ ತಿಮ್ಮಯ್ಯನವರು ಅಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾದರು, 1965ರ ಡಿಸೆಂಬರ್‌ನಲ್ಲಿ ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ಆ ದೇಶ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಅಲ್ಲಿನ ಗ್ರೀಕರಲ್ಲಿ ಬಹಳ ಮಂದಿ ಗ್ರೀಸ್ ಜೊತೆ ಒಂದಾಗಬೇಕು ಅಂದರು, ತುರ್ಕರು ತುರ್ಕಿಯ ಕಡೆ ನೋಡಿದರು. ‘ಸೈಪ್ರಸ್ಸಿನವರು ನಾವು’ ಅನ್ನುವ ಒಂದು ದನಿ ಗಟ್ಟಿಯಾಗಲೇ ಇಲ್ಲ. 1974ರಲ್ಲಿ ಅಥೆನ್ಸ್ ಬೆಂಬಲದ ದಂಗೆ, ಅದರ ಬೆನ್ನಿಗೆ ತುರ್ಕಿಯ ಸೇನೆ, ದ್ವೀಪ ಎರಡು ಪಾಲು. ಉತ್ತರ ಭಾಗ 1983ರಲ್ಲಿ ಸ್ವತಂತ್ರ ಅಂತ ಘೋಷಿಸಿಕೊಂಡಿತು, ತುರ್ಕಿ ಬಿಟ್ಟು ಯಾರೂ ಮಾನ್ಯ ಮಾಡಿಲ್ಲ.

ನಮ್ಮ ಕೊಡಗಿನದೇ ಹಳೆಯ ಕಥೆ ಬೆಳೆಗಾರರ ಕಡೆಗೆ ವಾಲುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡ ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ಶ್ರೀರಂಗಪಟ್ಟಣದ ಕಡೆ ಹೊರಟ ಬೊಂಬಾಯಿ ಸೇನೆಗೆ ದಾರಿ ಬಿಟ್ಟು ದವಸ ಒದಗಿಸಿದ. ಜನರಲ್ ಅಬರ್‌ಕ್ರೋಂಬಿಯನ್ನು ಭೇಟಿಯಾದ ನೆನಪಿಗೆ 1792ರಲ್ಲಿ ವಿರಾಜಪೇಟೆ ಕಟ್ಟಿಸಿದ. ರಾಜ್ಯ ಉಳಿಸಿಕೊಳ್ಳಲು ಮಾಡಿದ ನೀತಿ ಅದು, ಆ ಹೊತ್ತಿಗೆ ಫಲವನ್ನೂ ಕೊಟ್ಟಿತು. 1834ರಲ್ಲಿ ಅದೇ ಕಂಪನಿ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿತು. ಇಳಿಸುವಾಗ ಹೊರಡಿಸಿದ ಘೋಷಣೆಯಲ್ಲಿ ಇದು ಕೊಡಗಿನ ಜನರೆಲ್ಲರ ಒಮ್ಮತದ ಇಚ್ಛೆ ಅಂತ ಬರೆದುಕೊಂಡಿತು. ಬಲ ಇದ್ದವನಿಗೂ ಜನರ ಹೆಸರು ಬೇಕಾಯಿತು. ನನಗೆ ಆ ಘೋಷಣೆಯಲ್ಲಿ ಮುಖ್ಯ ಅನ್ನಿಸುವುದು ಅದೇ.

ಗೋಣಿಕೊಪ್ಪದ ಬೆಳೆಗಾರ

ಇಷ್ಟೆಲ್ಲಾ ಓದಿದ ಮೇಲೆ ನನ್ನ ಅಂಗಳದ ಒಂದು ಸಂಗತಿ ಇದಕ್ಕೆ ಸೇರುತ್ತೆ ಅನ್ನಿಸ್ತಿದೆ. ಯುರೋಪಿನವರ ಅರಣ್ಯನಾಶ ನಿಯಮ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗೋ ಹಾಗಿಲ್ಲ, ಪ್ರತಿ ತೋಟದ ಜಿಪಿಎಸ್ ಗುರುತು ಕೊಡಬೇಕು. ಜಾರಿ ಮುಂದೂಡ್ತಾ ಬಂದಿದ್ದಾರೆ, ಆದ್ರೆ ತಲೆ ಮೇಲೆ ಕತ್ತಿ ತೂಗ್ತಾ ಇದೆ. ನಮ್ಮ ಕಾಫಿಯ ದೊಡ್ಡ ಗಿರಾಕಿ ಇಟಲಿ, ಜರ್ಮನಿ. ನಾವು ಪರಿಸರ ಕಾಯುವವರು ಅಂತ ಯುರೋಪ್ ತನ್ನನ್ನು ತಾನು ಕಂಡುಕೊಂಡಿದೆ, ಅದರ ಖರ್ಚು ಎರಡು ಎಕರೆಯ ಕೊಡಗಿನವನ ತಲೆಗೆ. ಇದು ಬರೀ ವ್ಯಾಪಾರದ ಲೆಕ್ಕ ಆಗಿದ್ರೆ ಅಗ್ಗದ ಕಾಫಿ ಸಿಕ್ಕ ಕಡೆ ಕೊಳ್ತಿದ್ರು. ಹಾಗೆ ಮಾಡ್ತಿಲ್ಲ ಅಂದ ಮೇಲೆ ಮೇಷ್ಟ್ರ ಮಾತಲ್ಲಿ ತೂಕ ಇದೆ, ಅಷ್ಟರ ಮಟ್ಟಿಗೆ ಒಪ್ತೇನೆ.

ಸೋಮವಾರಪೇಟೆ ಮೇಷ್ಟ್ರು

ಹಾಗಿದ್ದರೆ ಅದೇ ಗುರುತನ್ನು ಹಿಡಿದು ಮಾತಾಡಬಹುದಲ್ಲ. ನಮ್ಮ ಕೊಡಗಿನವರೇ ಆದ ಜನರಲ್ ಕಾರ್ಯಪ್ಪನವರು 1953ರಿಂದ ಆಸ್ಟ್ರೇಲಿಯಾದಲ್ಲಿ ಹೈಕಮಿಷನರ್ ಆಗಿದ್ದಾಗ ಬಿಳಿಯರಿಗಷ್ಟೇ ಬಾಗಿಲು ತೆರೆಯುವ ಅಲ್ಲಿನ ವಲಸೆ ನೀತಿಯನ್ನು ಬಹಿರಂಗವಾಗಿ ಟೀಕಿಸಿದರು, ದೊಡ್ಡ ಗದ್ದಲವೂ ಆಯಿತು. ಆ ನೀತಿ ಪೂರ್ತಿ ಹೋದದ್ದು 1973ರಲ್ಲಿ, ಅವರೊಬ್ಬರಿಂದ ಅಲ್ಲ. ಆದರೆ ‘ಪ್ರಜಾಪ್ರಭುತ್ವ ಅಂತ ಹೇಳಿಕೊಳ್ಳುವ ನೀವು ಏಷ್ಯಾದವರಿಗೆ ಹೀಗೆ ಮಾಡಬಹುದೇ’ ಅನ್ನುವ ಪ್ರಶ್ನೆಗೆ ಉತ್ತರ ಕೊಡುವುದು ಅಲ್ಲಿನವರಿಗೆ ವರ್ಷವರ್ಷಕ್ಕೂ ಕಷ್ಟವಾಗುತ್ತಾ ಹೋಯಿತು. ಯುರೋಪಿನ ಮುಂದೆಯೂ ಹಾಗೇ ವಾದ ಮಾಡಬೇಕು. ನಂದಿ, ಹಲಸು, ಬೀಟೆ ಮರಗಳ ನೆರಳಿನಲ್ಲಿ ಬೆಳೆಯುವ ಕಾಫಿ ನಮ್ಮದು. ಬಯಲಲ್ಲಿ ಯಂತ್ರ ಓಡಿಸಿ ಕೊಯ್ಯುವ ತೋಟಕ್ಕೂ ಇದಕ್ಕೂ ಒಂದೇ ಅರ್ಜಿ, ಒಂದೇ ತಪಾಸಣೆ ಯಾಕೆ ಅಂತ ಕೇಳಬೇಕು.

ಗೋಣಿಕೊಪ್ಪದ ಬೆಳೆಗಾರ

ಕೇಳೋಣ ಮೇಷ್ಟ್ರೇ. ಆದ್ರೆ ಕೇಳೋಕೆ ಮೊದಲು ನೆರಳಿನ ಮರ ಉಳಿದಿರಬೇಕು. ಬೀಟೆ ಕಡಿದು ಸಿಲ್ವರ್ ಓಕ್ ನೆಟ್ಟವರು ನಮ್ಮಲ್ಲೇ ಎಷ್ಟು ಜನ ಇದ್ದಾರೆ ಅಂತ ನಿಮಗೂ ಗೊತ್ತು, ಯುರೋಪಿನ ಉಪಗ್ರಹಕ್ಕೂ ಗೊತ್ತು. ವಾಣಿಜ್ಯ ಸಚಿವಾಲಯದವರು ಮಾತುಕತೆಗೆ ಹೋಗುವಾಗ ನಮ್ಮ ಹೋಬಳಿಯ ತೋಟಗಳ ಮರಗಳ ಲೆಕ್ಕ ಅವರ ಕೈಯಲ್ಲಿ ಇರಬೇಕು. ಆ ಲೆಕ್ಕವನ್ನು ನಾವೇ ಬರೆದು ಕೊಡಬೇಕು. ನನ್ನ ತೋಟದ್ದು ಈ ಕುಯ್ಲು ಮುಗಿದ ಮೇಲೆ ಶುರು ಮಾಡ್ತೇನೆ. ವಿರಾಜಪೇಟೆಯ ತಂಗಿಗೆ ಪರೀಕ್ಷೆಯ ಮಧ್ಯೆ ಬಿಡುವಿದ್ರೆ ನಮೂನೆ ಮಾಡೋಕೆ ಸಹಾಯ ಮಾಡಲಿ.